ಹೊರಗೆ ಬಂದ ಮೇಲೆ ಬೈಸಿಕೊಳ್ಳಿ

ಹೊಲಿಗೆ ಕೋಣೆಯಿಂದ
ಮಾರ್ಚ್ ೮, ಶನಿವಾರ, ಬೆಳಗ್ಗೆ

ಪ್ರೀತಿಯ ಮಗಳೇ, ನನ್ನ ಪುಟ್ಟೀ,

ಹೇಗಿದ್ದೀಯ? ಬೆನ್ನು ನೋವು ಈಗ ಹೇಗಿದೆ? ಕ್ರೇನಿನ ಗೂಡಿನಲ್ಲಿ ದಿನಕ್ಕೆ ಎಂಟು ಗಂಟೆ ಕೂತರೆ ಬೆನ್ನು ಏನಾಗಬೇಕು, ಅದೇನು ಕಬ್ಬಿಣವೇ? ನಾನು ಹೊಲಿದು ಕಳಿಸಿದ ದಿಂಬನ್ನು ಸೊಂಟದ ಹಿಂದೆ ಇಟ್ಟುಕೊಳ್ಳುತ್ತಿದ್ದೀಯೋ, ಜೊತೆಯವರು ನಗುತ್ತಾರೆಂದು ಪೆಟ್ಟಿಗೆಯಲ್ಲೇ ಮುಚ್ಚಿಟ್ಟಿದ್ದೀಯೋ? ನಗುವವರು ನಗಲಿ, ನೋವು ಅವರದಲ್ಲ. ಬಂದರಿನ ಗಾಳಿ ಬಲು ಜೋರು ಎನ್ನುತ್ತಿದ್ದೆ, ಕಿವಿಗೆ ಬಟ್ಟೆ ಕಟ್ಟಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನಂತೂ ಗಟ್ಟಿಯಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಸೂಜಿಗೆ ದಾರ ಪೋಣಿಸಲು ಮೊದಲು ಒಂದು ಸಲ ಸಾಕಾಗುತ್ತಿತ್ತು, ಈಗ ಮೂರು ಸಲ ಬೇಕು. ನಾಲ್ಕನೆಯ ಸಲಕ್ಕೆ ಚೂಟಿಯನ್ನು ಕೂಗುತ್ತೇನೆ. ನಿನ್ನ ಮಗಳು ಚೆನ್ನಾಗಿದ್ದಾಳೆ. ಹದಿನಾಲ್ಕು ತುಂಬಿದ ಮೇಲಾದರೂ ಉದ್ದ ಆಗುವುದನ್ನು ನಿಲ್ಲಿಸುತ್ತಾಳೆ ಎಂದುಕೊಂಡಿದ್ದೆ. ಎಲ್ಲಿ! ಈ ವರ್ಷ ಎರಡು ಸಲ ಅವಳ ಪ್ಯಾಂಟಿನ ಅಂಚು ಬಿಚ್ಚಿ ಇಳಿಸಿದ್ದೇನೆ, ಇನ್ನು ಇಳಿಸಲು ಬಟ್ಟೆಯೇ ಉಳಿದಿಲ್ಲ.

ಇಷ್ಟು ಹೇಳಲು ಕಾಗದ ಯಾಕೆ, ಫೋನ್ ಇಲ್ಲವೇ ಎಂದು ನೀನು ಹುಬ್ಬು ಗಂಟಿಕ್ಕುತ್ತಿರಬಹುದು. ಫೋನ್ ಇದೆ, ಕೇಳುವ ಕಿವಿ ಇಲ್ಲ. ಕಳೆದ ಮೂರು ಸಲವೂ ನಾನು ಅಗ್ನಿಶಾಮಕ ಠಾಣೆ ಎಂದು ಬಾಯಿ ತೆರೆದ ಕೂಡಲೇ ನೀನು "ಅಮ್ಮಾ, ಅದೊಂದು ಬಿಟ್ಟು ಬೇರೆ ಏನಾದ್ರೂ ಇದ್ರೆ ಹೇಳು" ಎಂದೆ. ಕಾಗದಕ್ಕೆ ಹಾಗೆ ಬಾಯಿ ಮುಚ್ಚು ಅನ್ನಲಾಗುವುದಿಲ್ಲ. ನೀನು ಮಡಿಸಿ ದಿಂಬಿನ ಕೆಳಗೆ ತುರುಕಿದರೂ, ಮತ್ತೆ ಬಿಚ್ಚಿದಾಗ ಬಿಟ್ಟಲ್ಲಿಂದಲೇ ಶುರು ಮಾಡುತ್ತದೆ. ಆದ್ದರಿಂದ ಒಂದು ಲೋಟ ಚಹಾ ಮಾಡಿಕೊಂಡು ಕೂತು ಓದು.

ಇದರ ಜೊತೆಗೆ ಒಪ್ಪಿಗೆ ಪತ್ರ ಇಟ್ಟಿದ್ದೇನೆ. ಠಾಣೆಯ ಕಿರಿಯರ ದಳದಲ್ಲಿ ಚೂಟಿ ಎರಡನೇ ವರ್ಷವೂ ಮುಂದುವರಿಯಬೇಕಾದರೆ ತಾಯಿಯದೋ ತಂದೆಯದೋ ಸಹಿ ಬೇಕು. ಅವಳಪ್ಪ ಹೋಗಿ ಒಂಬತ್ತು ವರ್ಷವಾಯಿತು, ಇನ್ನುಳಿದದ್ದು ನಿನ್ನ ಸಹಿ ಒಂದೇ. ಮೂವತ್ತೊಂದರೊಳಗೆ ಅದು ಠಾಣೆ ಸೇರದಿದ್ದರೆ ಅವಳ ಹೆಸರು ಹೊಡೆದು ಹಾಕುತ್ತಾರೆ. ಅಜ್ಜಿಯ ಸಹಿ ನಡೆಯುತ್ತದೆಯೇ ಎಂದು ಕೇಳಿ ನೋಡಿದೆ, ನಡೆಯುವುದಿಲ್ಲವಂತೆ. ನಿನ್ನ ಸಹಿಯನ್ನು ನಾನೇ ಹಾಕಿಬಿಡಬಹುದಿತ್ತು, ಏಳನೇ ಕ್ಲಾಸಿನ ಅಂಕಪಟ್ಟಿಗೆ ನೀನು ನನ್ನ ಸಹಿ ಹಾಕಿಕೊಂಡಿದ್ದೆಯಲ್ಲ, ಆ ವಿದ್ಯೆ ನಮ್ಮ ಮನೆಗೆ ಹೊಸದೇನಲ್ಲ. ಆದರೆ ಈ ಸಹಿಯನ್ನು ಕದಿಯಲು ನನಗೆ ಮನಸ್ಸಿಲ್ಲ.

ಹೋದ ವರ್ಷ ನೀನು ಪ್ರಥಮ ಚಿಕಿತ್ಸೆಯ ತರಗತಿ ಎಂದುಕೊಂಡು ಸಹಿ ಹಾಕಿದ್ದೆ. ಸುಳ್ಳೇನಲ್ಲ, ಮೊದಲ ಆರು ತಿಂಗಳು ಅವರು ಬ್ಯಾಂಡೇಜು ಕಟ್ಟಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ನನ್ನ ಎರಡೂ ಕೈಗಳಿಗೆ ಎಷ್ಟು ಸಲ ಪಟ್ಟಿ ಸುತ್ತಿದಳೋ. ಆಮೇಲೆ ಹೆಲ್ಮೆಟ್ ಹಾಕಿಕೊಂಡ ಅವಳ ಫೋಟೋ ನಿನ್ನ ಕೈಗೆ ಸಿಕ್ಕಿತು, ಅಂದಿನಿಂದ ನಿನ್ನ ಬಾಯಿಗೆ ಬೀಗ ಬಿತ್ತು. ಮಗಳನ್ನು ಬೆಂಕಿಗೆ ತಳ್ಳುತ್ತಾರೆ ಎಂದು ನೀನು ಅಂದುಕೊಂಡಿದ್ದೀಯ. ನಾನೂ ಅಂದುಕೊಂಡಿದ್ದೆ. ಅದಕ್ಕೇ ಮೂರು ಶನಿವಾರ ಗುಂಡಿ ಹೊಲಿಯುವ ಕೆಲಸವನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಠಾಣೆಯ ಅಂಗಳದ ಬೆಂಚಿನ ಮೇಲೆ ಕೂತು ಎಲ್ಲ ನೋಡಿದೆ. ಹದಿನೆಂಟು ತುಂಬದ ಯಾರನ್ನೂ ಅವರು ಬೆಂಕಿಯ ಹತ್ತಿರ ಸುಳಿಯಲು ಬಿಡುವುದಿಲ್ಲ, ವಾಹನ ಹೊರಟರೆ ಮಕ್ಕಳು ಹಳದಿ ಗೆರೆಯ ಹಿಂದೆ. ನೀರಿನ ಪೈಪು ಸುತ್ತುತ್ತಾರೆ, ಹಗ್ಗಕ್ಕೆ ಗಂಟು ಹಾಕುತ್ತಾರೆ, ಫೋನಿನಲ್ಲಿ ಮೊದಲು ವಿಳಾಸ ಹೇಳಿ ಆಮೇಲೆ ಕಿರುಚಬೇಕು ಎಂದು ಕಲಿಯುತ್ತಾರೆ. ಠಾಣಾಧಿಕಾರಿಗೆ ಬೆಂಕಿಗಿಂತ ಬಿಚ್ಚಿದ ಬೂಟಿನ ಲೇಸಿನ ಮೇಲೆ ಹೆಚ್ಚು ಸಿಟ್ಟು. ನೋಡು, ಅರವತ್ತು ಅಡಿ ಎತ್ತರದ ಕ್ರೇನ್ ಹತ್ತುವವಳು ನೀನು. ಆಗ ನಾನು ಬೇಡ ಎಂದಿದ್ದೆ, ನೀನು ಕೇಳಿದೆಯಾ?

ಆ ದಳದಲ್ಲಿ ಒಂದು ಕ್ರಮವಿದೆ. ಊರಿಗೆ ಬುದ್ಧಿ ಹೇಳುವ ಮೊದಲು ಪ್ರತಿ ಮಗುವೂ ತನ್ನ ಮನೆಯನ್ನು ಪರೀಕ್ಷೆ ಮಾಡಿ ಬರೆದು ಕೊಡಬೇಕು. ಒಂದು ಭಾನುವಾರ ಚೂಟಿ ಕೈಯಲ್ಲಿ ಪೆನ್ಸಿಲು, ರಟ್ಟು ಹಿಡಿದು ಬಾಗಿಲಲ್ಲಿ ನಿಂತು, "ಅಜ್ಜೀ, ಇನ್ನರ್ಧ ಗಂಟೆ ನಾನು ನಿನ್ನ ಮೊಮ್ಮಗಳಲ್ಲ, ದಳದವಳು" ಎಂದಳು. ಆಗಲಿ ತಾಯಿ ಎಂದು ಒಳಗೆ ಬಿಟ್ಟೆ. ಎಂಥ ಕಣ್ಣು ಅವಳದು! ಇಸ್ತ್ರಿ ಪೆಟ್ಟಿಗೆ ಕಾಯುತ್ತಿದೆ, ಅಜ್ಜಿ ಅಡುಗೆಮನೆಯಲ್ಲಿದ್ದಾಳೆ. ಇಸ್ತ್ರಿ ಮೇಜಿನ ಕೆಳಗೇ ಚಿಂದಿಯ ಮೂಟೆ. ಹೊಲಿಗೆ ಯಂತ್ರ, ಇಸ್ತ್ರಿ, ದೀಪ, ಮೂರಕ್ಕೂ ಒಂದೇ ಪ್ಲಗ್ಗು. ಹಿಂಬಾಗಿಲಿಗೆ ಅಡ್ಡವಾಗಿ ಗಿರಾಕಿಗಳ ಬಟ್ಟೆ ಗಂಟುಗಳು. ಮುಂಬಾಗಿಲ ಬೀಗದ ಕೈ ಹಿಟ್ಟಿನ ಡಬ್ಬದೊಳಗೆ. ಕಳ್ಳರಿಗೆ ಸಿಗದಿರಲೆಂದು ನಾನು ಅಲ್ಲಿಟ್ಟಿದ್ದು ನಿನಗೂ ಗೊತ್ತು. ಹೊಗೆ ತುಂಬಿದಾಗ ನನಗೂ ಸಿಗುವುದಿಲ್ಲ ಎಂಬುದು ಮೂವತ್ತು ವರ್ಷದಲ್ಲಿ ಹೊಳೆದಿರಲಿಲ್ಲ. ಪಟ್ಟಿಯ ಕೊನೆಯಲ್ಲಿ ದುಂಡಗೆ ಬರೆದಿದ್ದಳು: "ಮನೆಯ ಮುಖ್ಯ ಅಪಾಯ: ಅಜ್ಜಿ. ತಿದ್ದಬಹುದು." ಸಂಜೆಯವರೆಗೆ ಅವಳ ಜೊತೆ ಮಾತು ಬಿಟ್ಟೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಮನೆಯವಳೇ ಹೇಳಿದರೆ ಯಾರಿಗೆ ರುಚಿಸುತ್ತದೆ. ಕತ್ತಲಾದ ಮೇಲೆ ಸದ್ದಿಲ್ಲದೆ ಎದ್ದು ಬೀಗದ ಕೈಯನ್ನು ತೊಳೆದು ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿದೆ. ಅವಳು ನೋಡಿಯೂ ನೋಡದ ಹಾಗೆ ಪುಸ್ತಕ ಓದುತ್ತಿದ್ದಳು. ಆ ಜಾಣತನ ನಿನ್ನದಲ್ಲ, ನಿನ್ನದಾಗಿದ್ದರೆ "ನಾನು ಹೇಳ್ಲಿಲ್ವಾ" ಎಂದು ಒಂದು ಸಲವಾದರೂ ಅನ್ನುತ್ತಿದ್ದಳು.

ಆಮೇಲೆ ಎದುರುಮನೆಯ ಗಡಿಯಾರ ರಿಪೇರಿಯವರ ಸರದಿ. ಅವರು ಹೀಟರಿನ ಮೇಲೆ ಒದ್ದೆ ಟವೆಲ್ ಹರವಿ ಒಣಗಿಸುತ್ತಾರೆ. ಚೂಟಿ ಹೋಗಿ ವಿನಯದಿಂದಲೇ ಹೇಳಿದಳಂತೆ. "ನಿನ್ನಷ್ಟು ವಯಸ್ಸಾದ ಚಪ್ಪಲಿ ನನ್ನ ಹತ್ರ ಇದೆ, ನನಗೆ ಪಾಠ ಹೇಳೋಕೆ ಬಂದ್ಯಾ" ಎಂದು ಕಳಿಸಿದ್ದಾರೆ. ಮಗು ಕಣ್ಣು ಒರೆಸಿಕೊಳ್ಳುತ್ತಾ ಬಂತು. ನನಗೆ ಮೈ ಉರಿಯಿತು. ಹೋಗಿ, "ಆ ಚಪ್ಪಲಿನೂ ಸುಟ್ಟು ಹೋಗುತ್ತೆ, ಮೊದಲು ಟವೆಲ್ ತೆಗೀರಿ" ಎಂದೆ. ತೆಗೆದರು. ನಾನು ಹೇಳಿದ್ದರಲ್ಲಿ ಚೂಟಿಗಿಂತ ಹೆಚ್ಚಿನ ಬುದ್ಧಿಯೇನೂ ಇರಲಿಲ್ಲ. ಅವರು ನನಗಿಂತ ಎರಡು ವರ್ಷ ಚಿಕ್ಕವರು, ಅಷ್ಟೇ.

ಈಗ ನಿನ್ನೆಯ ವಿಷಯಕ್ಕೆ ಬರುತ್ತೇನೆ. ನಿನ್ನೆ ಶಾಲೆಯಲ್ಲಿ ಮೂರನೇ ಕ್ಲಾಸಿನ ಮಕ್ಕಳಿಗೆ ಚೂಟಿ ಪಾಠ ಮಾಡಿದಳು. ಹೆತ್ತವರನ್ನೂ ಕರೆದಿದ್ದರು, ನಾವೆಲ್ಲ ಹಿಂದಿನ ಸಣ್ಣ ಬೆಂಚುಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದೆವು. ಮೊದಲು ಠಾಣಾಧಿಕಾರಿ, ಬೆಂಕಿ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ಎಲ್ಲ ಮಕ್ಕಳೂ ಒಂದೇ ಉಸಿರಿಗೆ "ಹೊರಗೆ ಓಡ್ತೀವಿ ಸಾರ್" ಎಂದವು. ಅಪ್ಪ ಅಮ್ಮಂದಿರಿಗೆ ಹೆಮ್ಮೆಯೋ ಹೆಮ್ಮೆ. ಆಮೇಲೆ ಠಾಣಾಧಿಕಾರಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಅದು ಬೇಕೆಂದೇ ಮಾಡುವುದಂತೆ. ಚೂಟಿ ನೆಲದ ಮೇಲೆ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, "ಸಾರ್ ಹೋದ್ರು. ಈಗ ನಿಜ ಹೇಳಿ, ಯಾರ್ಯಾರು ಎಲ್ಲೆಲ್ಲಿ ಬಚ್ಚಿಟ್ಕೋತೀರ? ನಾನಂತೂ ನಿಮ್ಮಷ್ಟಿದ್ದಾಗ ಬೀರು ಒಳಗೆ ಹೋಗ್ತಿದ್ದೆ" ಎಂದಳು. ಆಗ ಬಿತ್ತು ನೋಡು ನಿಜ, ಹರಿದ ಚೀಲದಿಂದ ಗುಂಡಿ ಉದುರಿದ ಹಾಗೆ. ಒಬ್ಬಳು ಮಂಚದ ಕೆಳಗೆ. ಇಬ್ಬರು ಪರದೆಯ ಹಿಂದೆ. ಒಬ್ಬ ಮೊದಲು ಬೆಕ್ಕನ್ನು ಹುಡುಕುತ್ತಾನಂತೆ. ಇನ್ನೊಬ್ಬಳು, ಬೆಂಕಿಪೊಟ್ಟಣ ಮುಟ್ಟಿದ್ದು ತಾನೇ ಎಂದು ಗೊತ್ತಾದರೆ ಹೊಡೆಯುತ್ತಾರೆ, ಅದಕ್ಕೆ ಯಾರಿಗೂ ಹೇಳುವುದಿಲ್ಲ ಎಂದಳು. ಬೆಂಚಿನ ಮೇಲಿದ್ದ ಅವಳಮ್ಮನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಸಮವಸ್ತ್ರದ ದೊಡ್ಡವರಿಗೆ ಹೇಳದ ಮಾತನ್ನು ಅವು ಅಕ್ಕನಿಗೆ ಹೇಳುತ್ತವೆ. ಮಕ್ಕಳ ಕೈಯಲ್ಲೇ ಮಕ್ಕಳಿಗೆ ಪಾಠ ಯಾಕೆ ಎಂದು ನನಗೆ ಅರ್ಥವಾದದ್ದು ಆ ಹೊತ್ತಿಗೆ.

ಅನಂತರ ಚೂಟಿ ಚೀಲದಿಂದ ಅಗ್ನಿಶಾಮಕದವರ ಮುಖವಾಡ ಹೊರತೆಗೆದಳು. ಪುಟ್ಟೀ, ಇಲ್ಲಿ ಕಾಗದ ಕೆಳಗಿಡಬೇಡ, ಓದು. ಒಂದೊಂದೇ ಪಟ್ಟಿ ಬಿಗಿಯುತ್ತಾ, ಪ್ರತಿಯೊಂದೂ ಏನೆಂದು ಹೇಳುತ್ತಾ ಹಾಕಿಕೊಂಡಳು. ಪೂರ್ತಿ ಹಾಕಿದ ಮೇಲೆ ಉಸಿರು ಬುಸ್ ಬುಸ್ ಎನ್ನತೊಡಗಿತು, ಮುಖ ಮಾಯವಾಯಿತು. ಮಕ್ಕಳು ಚೀರಿದವು, ಒಂದು ಅಳತೊಡಗಿತು. ಒಳಗಿನಿಂದ ಚೂಟಿಯ ದನಿ, "ನಾನೇ ಕಣ್ರೋ, ಅಕ್ಕ! ಬಂದು ಮುಟ್ಟಿ ನೋಡಿ. ಇಂಥವರು ಬಂದು ಕೂಗಿದ್ರೆ ಬಚ್ಚಿಟ್ಕೋಬೇಡಿ, ಇಲ್ಲಿದೀನಿ ಅಂತ ಜೋರಾಗಿ ಕೂಗಿ." ಅತ್ತ ಮಗುವೇ ಮೊದಲು ಎದ್ದು ಬಂದು ಗಾಜಿನ ಮೇಲೆ ಬೆರಳಿಟ್ಟಿತು. ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಅಷ್ಟರಲ್ಲಿ ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗ ಕೈ ಎತ್ತಿ ಕೇಳಿದ: "ಅಕ್ಕಾ, ನಾನು ಬರೋವರೆಗೂ ಇಲ್ಲೇ ಕೂತಿರು ಅಂತ ಅಮ್ಮ ಹೇಳಿದ್ರೆ?" ಚೂಟಿ ಮುಖವಾಡ ತೆಗೆದು, "ಬೆಂಕಿ ಬಂದಾಗ ಅಮ್ಮನ ಮಾತನ್ನೂ ಮೀರಬಹುದು. ಹೊರಗೆ ಬಂದ ಮೇಲೆ ಬೈಸಿಕೊಳ್ಳಿ" ಎಂದಳು. ಮಕ್ಕಳು ನಕ್ಕವು. ನನಗೆ ನಗು ಬರಲಿಲ್ಲ.

ನಾನು ಎದ್ದು ನಿಂತೆ. ಯಾರೂ ಕರೆದಿರಲಿಲ್ಲ, ಮಂಡಿಯೂ ಬೇಡ ಎನ್ನುತ್ತಿತ್ತು. ಹಾಗೆ ಹೇಳಿದ ಅಮ್ಮ ನಾನೇ ಎಂದೆ. ಮೂವತ್ತೆರಡು ವರ್ಷದ ಹಿಂದೆ, ಹಾಸಿಗೆ ಅಂಗಡಿಯ ಮೇಲಿನ ಮನೆಯಲ್ಲಿ, ಹೊಲಿದ ಬಟ್ಟೆ ಕೊಟ್ಟು ಬರಲು ಹೊರಟಾಗ ನನ್ನ ಎಂಟು ವರ್ಷದ ಮಗಳಿಗೆ ಎರಡು ಮಾತು ಹೇಳಿದ್ದೆ: ನಾನು ಬರುವವರೆಗೂ ಇಲ್ಲಿಂದ ಅಲ್ಲಾಡಬೇಡ, ಗೊತ್ತಿಲ್ಲದವರು ಕರೆದರೆ ಉತ್ತರ ಕೊಡಬೇಡ. ಕೆಳಗೆ ಹತ್ತಿಗೆ ಬೆಂಕಿ ಹತ್ತಿತು, ಹೊಗೆ ಮೇಲೆ ಬಂತು. ಅವಳು ಹೊಲಿಗೆ ಯಂತ್ರದ ಕೆಳಗೆ ಬಟ್ಟೆ ಮರೆ ಮಾಡಿಕೊಂಡು ಕೂತಳು. ಮುಖವಾಡದವರು ಬಂದು ಯಾರಾದರೂ ಇದ್ದೀರಾ ಎಂದು ಕೂಗಿದರು. ಅವಳು ಉಸಿರೆತ್ತಲಿಲ್ಲ. ಅಲ್ಲಾಡಲೂ ಇಲ್ಲ, ಉತ್ತರ ಕೊಡಲೂ ಇಲ್ಲ. ಖಾಲಿ ಕೋಣೆ ಎಂದು ಹೊರಟವನಿಗೆ ಬಾಗಿಲ ಬಳಿ ಕೈಗೆ ಒಂದು ಸಣ್ಣ ಬೂಟು ಸಿಕ್ಕಿತಂತೆ. ಅದೊಂದಕ್ಕೆ ಅವನು ಮತ್ತೆ ಒಳಗೆ ಹೋಗಿ ತಡಕಾಡಿ ಎಳೆದುಕೊಂಡು ಬಂದ. ಇಷ್ಟನ್ನೂ ಅಷ್ಟು ಜನರ ಮುಂದೆ ಹೇಳಿದೆ ಪುಟ್ಟೀ. ಇವತ್ತು ಮನೆಗೆ ಹೋಗಿ ನಿಮ್ಮ ಮಕ್ಕಳಿಗೆ ಕೊಟ್ಟ ಅಪ್ಪಣೆಯನ್ನು ವಾಪಸ್ಸು ತೆಗೆದುಕೊಳ್ಳಿ ಎಂದು ಹೇಳಿ ಕೂತೆ. ಹಿಂದಿನ ಬೆಂಚಿನಲ್ಲಿ ಯಾರೋ ಮೂಗು ಸೀಟುವ ಸದ್ದು ಕೇಳಿಸಿತು.

ನಿನ್ನನ್ನು ಕೇಳದೆ ಹೇಳಿದೆ, ಬೈಯುವುದಾದರೆ ಬೈ. ಆದರೆ ನಿನಗೇ ಹೇಳಬೇಕಾದದ್ದನ್ನು ಊರಿಗೆ ಮೊದಲು ಹೇಳಿದೆನಲ್ಲ, ಅದು ಹೆಚ್ಚಿನ ತಪ್ಪು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಕೂಡಲೇ ನೀನು ನನ್ನನ್ನು ನೋಡಿ, "ಅಮ್ಮಾ, ನಾನು ಅಲ್ಲಾಡ್ಲಿಲ್ಲ" ಎಂದೆ. ಜಾಣೆ ಎಂದು ನಿನ್ನ ತಲೆ ಸವರಿದೆ. ಆಮೇಲೆ ನಿನ್ನ ಕೈಯ ಸುಟ್ಟ ಕಲೆಗೆ ಬಿಸಿನೀರು ಬಿತ್ತು ಎಂಬ ಕಥೆ ಕಟ್ಟಿದೆವು, ನೀನೂ ಹೇಳಿದೆ, ನಾನೂ ಹೇಳಿದೆ, ಹೇಳಿ ಹೇಳಿ ಅದೇ ನಿಜವಾಯಿತು. ತಪ್ಪು ನಿನ್ನದಲ್ಲ ಮಗಳೇ, ಮುಖವಾಡದವನದೂ ಅಲ್ಲ. ನನ್ನದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನ್ನಂಥವರಿಗೇ ಇರಬೇಕು. ಕ್ಷಮಿಸು ಎಂದು ಬರೆಯಲು ಮೂವತ್ತೆರಡು ವರ್ಷ ಬೇಕಾಯಿತು.

ಮನೆಗೆ ನಡೆದು ಬರುವಾಗ ಚೂಟಿ ನನ್ನ ಚೀಲವನ್ನೂ ತಾನೇ ಹೊತ್ತುಕೊಂಡಳು. ಔಷಧಿ ಅಂಗಡಿಯ ತಿರುವಿನಲ್ಲಿ, "ಅಮ್ಮ ಆವಾಗ ಎಷ್ಟನೇ ಕ್ಲಾಸು?" ಎಂದಳು. ಮೂರು ಎಂದೆ. "ನಾನು ಪಾಠ ಮಾಡಿದ್ದೂ ಮೂರಕ್ಕೇ" ಎಂದಳು. ಮತ್ತೆ ಸ್ವಲ್ಪ ದೂರ ಬಂದ ಮೇಲೆ, "ಅಮ್ಮನಿಗೆ ಅಷ್ಟು ಕಷ್ಟ ಆಗುತ್ತೆ ಅಂದ್ರೆ ನಾನು ದಳ ಬಿಡ್ತೀನಿ ಅಜ್ಜೀ, ಸಹಿ ಕೇಳ್ಬೇಡ" ಎಂದಳು. ಇಷ್ಟು ದಿನ ನಿನ್ನ ಮೇಲೆ ಮುನಿಸಿಕೊಂಡು ಬಾಗಿಲು ಬಡಿಯುತ್ತಿದ್ದವಳು! ನೂಲಿನಂತೆ ಸೀರೆ, ತಾಯಿಯಂತೆ ಮಗಳು. ನೀನು ಬೇಡ ಎಂದರೆ ಅವಳು ನಿನ್ನ ಮಾತು ಮೀರುವುದಿಲ್ಲ ಪುಟ್ಟೀ, ಒಂದು ಹೆಜ್ಜೆ ಕೂಡ ಅಲ್ಲಾಡುವುದಿಲ್ಲ. ನನಗೆ ಭಯ ಇರುವುದೇ ಅದಕ್ಕೆ. ನಾನು ನಿನ್ನನ್ನು ಹಾಗೆ ಕೂರಿಸಿದ್ದು ಸಾಕು, ನೀನು ಅವಳನ್ನು ಕೂರಿಸಬೇಡ. ಅವಳು ಬೆಂಕಿಯ ಕಡೆಗೆ ಹೋಗುತ್ತಿಲ್ಲ, ಮಂಚದ ಕೆಳಗಿರುವ ಮಕ್ಕಳನ್ನು ಹೊರಗೆ ಕರೆಯುತ್ತಿದ್ದಾಳೆ. ಆ ಕಾಲದಲ್ಲಿ ನಿನ್ನ ಶಾಲೆಗೆ ಇಂಥ ಒಬ್ಬ ಅಕ್ಕ ಬಂದಿದ್ದರೆ ಎಂದು ರಾತ್ರಿಯೆಲ್ಲ ಅಂದುಕೊಂಡೆ.

ಇವತ್ತು ಬೆಳಗ್ಗೆ ಎಂಟಕ್ಕೇ ಬಾಗಿಲು ಬಡಿದ ಸದ್ದಾಯಿತು. ಆ ಹಲ್ಲಿಲ್ಲದ ಹುಡುಗ, ಅವನ ಹಿಂದೆ ಅವನಮ್ಮನೋ ಅತ್ತೆಯೋ. ಬೆಂಕಿ ಬಂದರೆ ನಮ್ಮ ಮನೆಯವರೆಲ್ಲ ಹೊರಗೆ ಎಲ್ಲಿ ಸೇರಬೇಕೆಂದು ಗೊತ್ತು ಮಾಡಿದ್ದೇವೆ, ದೊಡ್ಡ ಮರದ ಕೆಳಗೆ, ಅಕ್ಕನಿಗೆ ಹೇಳಿ ಎಂದು ವರದಿ ಕೊಟ್ಟು ಓಡಿಹೋದ. ಚೂಟಿ ಇನ್ನೂ ಹಲ್ಲುಜ್ಜುತ್ತಿದ್ದಳು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಕುಣಿದಳು. ನೀನು ನೋಡಬೇಕಿತ್ತು.

ಹೆಚ್ಚಿಗೆ ಬರೆಯುವುದಿಲ್ಲ, ಕೈ ಸೋತಿದೆ, ಒಂದು ಕೋಟಿನ ತೋಳೂ ಕಾದಿದೆ. ಮೇಲಿದ್ದಾಗ ಕೆಳಗೆ ನೋಡಬೇಡ, ಕೆಳಗೆ ಬಂದ ಮೇಲೆ ಜಗಳಕ್ಕೆ ಹೋಗಬೇಡ. ನಿನ್ನ ಬೆನ್ನು ನೆಟ್ಟಗಿರಲಿ, ನಿನ್ನ ಆಯಸ್ಸು ನನ್ನದಕ್ಕಿಂತ ಉದ್ದವಾಗಿರಲಿ. ಜೊತೆ ಕೆಲಸ ಮಾಡುವ ಹೆಣ್ಣುಮಕ್ಕಳನ್ನೂ ಕೇಳಿದೆ ಎಂದು ಹೇಳು. ಚೂಟಿ ನಿನಗೆ ಮುತ್ತು ಕಳಿಸಿದ್ದಾಳೆ, ನೊರೆ ಒರೆಸಿಕೊಂಡೇ.

ನಿನ್ನನ್ನು ತಡವಾಗಿ ಅರ್ಥ ಮಾಡಿಕೊಂಡ
ನಿನ್ನ ಅಮ್ಮ

ಮತ್ತೊಂದು ಮಾತು, ಅವಸರದಲ್ಲಿ, ಅಂಚೆ ಹೊರಡುವ ಹೊತ್ತಾಯಿತು. ಲಕೋಟೆಯಲ್ಲಿ ಒಪ್ಪಿಗೆ ಪತ್ರ ಎರಡಿವೆ, ಒಂದೇ ಇರಬೇಕೆಂದು ಇನ್ನೊಂದನ್ನು ಹರಿದು ಹಾಕಬೇಡ. ಎರಡನೆಯದು ನನ್ನದು. ನಿನ್ನೆ ಎಲ್ಲರೂ ಹೋದ ಮೇಲೆ ಠಾಣಾಧಿಕಾರಿ ನನ್ನ ಹತ್ತಿರ ಬಂದು, "ಮಕ್ಕಳ ಮಾತನ್ನ ಮಕ್ಕಳು ಕೇಳ್ತಾರೆ, ಹಿರಿಯರು ನನ್ನ ಮಾತನ್ನೂ ಕೇಳಲ್ಲ, ಚೂಟಿ ಮಾತನ್ನೂ ಕೇಳಲ್ಲ. ನೀವು ಬರ್ತೀರಾಮ್ಮಾ?" ಎಂದರು. ಹಿರಿಯರ ದಳ ಅಂತೆ, ಸೋಮವಾರ ಸೋಮವಾರ, ಮನೆಮನೆಗೆ ಹೋಗಿ ಹೇಳುವುದು. ನಾನು ಹೂಂ ಎಂದುಬಿಟ್ಟೆ. ಎಪ್ಪತ್ತು ದಾಟಿದವರಿಗೆ ಮನೆಯವರೊಬ್ಬರ ಸಹಿ ಬೇಕಂತೆ, ಈ ವಯಸ್ಸಿನಲ್ಲಿ ಮಗಳ ಅಪ್ಪಣೆ ಕೇಳುವ ಗತಿ ನನಗೆ! ಅದರಲ್ಲಿ ಸೇರಲು ಕಾರಣವೇನು ಎಂಬ ಜಾಗವಿದೆ, ಓದಿಯೇ ಸಹಿ ಹಾಕು. "ಒಮ್ಮೆ ನನ್ನ ಮಗುವಿಗೆ ತಪ್ಪು ಪಾಠ ಹೇಳಿಕೊಟ್ಟಿದ್ದೆ, ಅವಳು ಅದನ್ನು ಚಾಚೂ ತಪ್ಪದೆ ಪಾಲಿಸಿದಳು" ಎಂದು ಬರೆದಿದ್ದೇನೆ. ಎರಡರಲ್ಲಿ ಒಂದಕ್ಕೇ ಸಹಿ ಹಾಕುವ ಮನಸ್ಸಾದರೆ ಅವಳದಕ್ಕೆ ಹಾಕು, ನಾನು ಜಗಳವಾಡುವುದಿಲ್ಲ.